ಭಾವ ಕುಡಿದ ಮೂರು ದಿನ

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಕುಳ್ಳನೂ ಅವನ ಭಾವನೂ ಹದಿನಾರು ವರ್ಷದಿಂದ ಒಂದೇ ಇಸ್ತ್ರಿ ರೋಲರ್ ಮುಂದೆ ನಿಲ್ಲುತ್ತಿದ್ದರು. ಬೆಳಿಗ್ಗೆ ಏಳಕ್ಕೆಲ್ಲ ಲಾರಿಯಿಂದ ಚೀಲಗಳು ಇಳಿಯುತ್ತಿದ್ದವು. ಯಾರೋ ಹುಟ್ಟಿದ ಹಾಸು, ಯಾರೋ ಕೊನೆಯುಸಿರೆಳೆದ ಹಾಸು, ಎಲ್ಲವೂ ಒಂದೇ ನೀರಿನಲ್ಲಿ ಕುದ್ದು, ಹಿಂಡಿಸಿಕೊಂಡು, ಒದ್ದೆ ಮುದ್ದೆಯಾಗಿ ಇವರ ಮುಂದೆ ಬಂದು ಬೀಳುತ್ತಿತ್ತು. ಇಬ್ಬರೂ ಒಂದೊಂದು ತುದಿ ಹಿಡಿದು ಒಮ್ಮೆ ಜಾಡಿಸಬೇಕು, ಅಂಚು ನೇರ ಮಾಡಬೇಕು, ಸುಡುವ ಎರಡು ಉರುಳೆಗಳ ಸಂದಿಗೆ ಕೊಡಬೇಕು. ಆ ಕಡೆಯಿಂದ ಅದು ಹಪ್ಪಳದಂತೆ ಗರಿಗರಿಯಾಗಿ ಹೊರಬರುತ್ತಿತ್ತು. ಉರುಳೆಯ ಮುಂದೆ ಒಂದು ಕೆಂಪು ಪಟ್ಟಿ ಇತ್ತು. ಬೆರಳು ತಾಗಿದರೆ ಯಂತ್ರ ತಾನೇ ನಿಲ್ಲುತ್ತದೆ. ಆದರೆ ಬಟ್ಟೆ ಸ್ವಲ್ಪ ದಪ್ಪಗೆ ಮಡಚಿಕೊಂಡರೂ ಅದು ನಿಲ್ಲುತ್ತಿತ್ತಾದ್ದರಿಂದ, ಕೆಲಸ ಜಾಸ್ತಿಯಾದ ದಿನ ಇಬ್ಬರೂ ಸೇರಿ ಹರಕು ಬಟ್ಟೆಯಿಂದ ಆ ಪಟ್ಟಿಯನ್ನು ಮೇಲಕ್ಕೆ ಕಟ್ಟಿಬಿಡುತ್ತಿದ್ದರು. ಮೇಸ್ತ್ರಿ ಕಂಡರೂ ಕಾಣದವನಂತೆ ಹೋಗುತ್ತಿದ್ದ.

ಭಾವ ಆರಡಿ ಆಳು. ಕುಳ್ಳ ಕಾಲ ಕೆಳಗೆ ಹಲಗೆ ಹಾಕಿಕೊಂಡರೂ ಅವನ ಭುಜಕ್ಕೆ ಬರುತ್ತಿದ್ದ. ಕಾರ್ಖಾನೆಯ ಹೆಂಗಸರು ಇವರನ್ನು ನೋಡಿ ಏಣಿ ಮತ್ತು ಮೆಟ್ಟಿಲು ಎಂದು ನಗುತ್ತಿದ್ದರು. ಆದರೆ ಕೆಲಸಕ್ಕೆ ನಿಂತರೆ ಇಬ್ಬರ ಕೈಯೂ ಒಬ್ಬನದೇ ಎನ್ನುವಂತೆ ಓಡುತ್ತಿತ್ತು. ಕುಳ್ಳನಿಗೆ ಈ ಕೆಲಸ ಕೊಡಿಸಿದವನೂ ಭಾವನೇ. ಅಕ್ಕನನ್ನು ಮದುವೆಯಾದ ಎರಡನೇ ವರ್ಷ, ಊರೂರು ತಿರುಗುತ್ತಿದ್ದ ಈ ಬಾಮೈದನನ್ನು ಕೈ ಹಿಡಿದು ತಂದು ರೋಲರ್ ಮುಂದೆ ನಿಲ್ಲಿಸಿದ್ದ. ಕುಳ್ಳ ಮದುವೆಯಾಗಲಿಲ್ಲ. ಎರಡು ಕಡೆ ಹೆಣ್ಣು ನೋಡಿದ್ದಾಯಿತು, ಎರಡು ಕಡೆಯೂ ಹುಡುಗಿ ಇವನ ಎತ್ತರ ನೋಡಿದಳು. ಅಲ್ಲಿಗೆ ಆ ವಿಷಯ ಮುಗಿಯಿತು. ಅಕ್ಕನ ಮನೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ರಾತ್ರಿಯ ಊಟ ಅಕ್ಕನ ಮನೆಯಲ್ಲಿ, ಸಂಜೆ ಭಾವನ ಜೊತೆ.

ಸಂಜೆ ಅಂದರೆ ಕುಡಿತ. ನಾಲ್ಕಕ್ಕೆ ಕೆಲಸ ಬಿಟ್ಟರೆ ನಾಲ್ಕೂಕಾಲಿಗೆ ಬಸ್ ನಿಲ್ದಾಣದ ಹಿಂದಿನ ಅಂಗಡಿ. ಅಕ್ಕನ ಎದುರಿಗೆ ಕುಳ್ಳ ಭಾವನನ್ನು ನೀವು, ತಾವು ಎಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಆ ಅಂಗಡಿಯ ಬೆಂಚಿನ ಮೇಲೆ ಕೂತೊಡನೆ ನೀನು ಎನ್ನುತ್ತಿದ್ದ. ಅವನ ದಿನದಲ್ಲಿ ಯಾರಿಗಾದರೂ ನೀನು ಎಂದು ಸಲಿಗೆಯಿಂದ ಅನ್ನುವ ಹೊತ್ತು ಅದೊಂದೇ. ಕುಡಿದ ಭಾವ ಗಲಾಟೆಯವನಲ್ಲ. ಮರೆವಿನವನು. ನಿನ್ನೆ ಎಲ್ಲಿ ಬಿದ್ದೆ, ಚಪ್ಪಲಿ ಎಲ್ಲಿ ಬಿಟ್ಟೆ, ಅಕ್ಕನಿಗೆ ಏನೆಂದೆ, ಬೆಳಗಾದರೆ ಒಂದೂ ನೆನಪಿರುತ್ತಿರಲಿಲ್ಲ. ಕುಡಿದಿಲ್ಲ ಕಣೇ, ನಿನ್ನಾಣೆ, ಎಂದು ಬಾಗಿಲಲ್ಲಿ ನಿಂತು ಹೇಳುವುದು ಮಾತ್ರ ದಿನವೂ ತಪ್ಪುತ್ತಿರಲಿಲ್ಲ. ಅಕ್ಕ ಹದಿನೆಂಟು ವರ್ಷ ಆ ಮಾತು ಕೇಳಿದ್ದಳು.

ಹಿಂಡುವ ವಿಭಾಗದ ಒಬ್ಬ ಕುಡಿದು ಬಂದು ಬಿಸಿನೀರಿನ ಕೊಳವೆ ಬಿಚ್ಚಿ ಇಬ್ಬರು ಹೆಂಗಸರ ಕಾಲು ಬೆಂದ ಮೇಲೆ ಮಾಲೀಕರು ಎಚ್ಚರಗೊಂಡರು. ಮೇಸ್ತ್ರಿ ಕುಡಿಯುವ ಒಂಬತ್ತು ಜನರ ಪಟ್ಟಿ ಮಾಡಿದ. ಪಟ್ಟಿಯಲ್ಲಿ ಭಾವ ಮೂರನೆಯವನು, ಕುಳ್ಳ ನಾಲ್ಕನೆಯವನು. ಒಂದೋ ಕೆಲಸ ಬಿಡಿ, ಇಲ್ಲ ಇದನ್ನು ಫೋನಿಗೆ ಹಾಕಿಕೊಂಡು ದಿನಾ ಮಾತಾಡಿ ಎಂದರು. ಹಾಕಿಸಿದ್ದು ಒಂದು ಆಪ್. ತೆರೆದರೆ ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸಿನ ಚಿತ್ರ. ಅದು ಕಣ್ಣು ಮಿಟುಕಿಸುತ್ತಿತ್ತು, ತಲೆ ಅಲ್ಲಾಡಿಸುತ್ತಿತ್ತು, ಬರೆದರೆ ಬರೆಯುತ್ತಿತ್ತು, ಮಾತಾಡಿದರೆ ಮಾತಾಡುತ್ತಿತ್ತು. ಇಂದು ಹೇಗಿದ್ದೀರಿ, ಕುಡಿಯಬೇಕು ಅನ್ನಿಸಿತೇ, ಅನ್ನಿಸಿದಾಗ ಏನು ಮಾಡಿದಿರಿ. ಎದುರಿಗೆ ಮನುಷ್ಯರಿಲ್ಲ, ಯಂತ್ರವೇ ಮಾತಾಡುವುದು, ಅದಕ್ಕೇ ನಾಚಿಕೆ ಬೇಡ ಎಂದು ಹಾಕಿಸಲು ಬಂದವನು ಹೇಳಿದ. ನೀವು ಹೇಳಿದ್ದನ್ನು ಆಫೀಸು ಓದುವುದಿಲ್ಲ. ಮನೆಯವರೊಬ್ಬರ ನಂಬರ್ ಮಾತ್ರ ಕೊಡಬೇಕು. ಕುಡಿದೆ ಎಂದು ನೀವೇ ಹೇಳಿದ ದಿನ ಅವರಿಗೆ ಒಂದು ಸಂದೇಶ ಹೋಗುತ್ತದೆ, ಅವರು ನಿಮ್ಮ ಬೆನ್ನಿಗೆ ನಿಲ್ಲಲಿ ಅಂತ. ಕಾರ್ಖಾನೆಯವರು ಆ ಚಿತ್ರಕ್ಕೆ ಡಾಕ್ಟರಮ್ಮ ಎಂದು ಹೆಸರಿಟ್ಟರು.

ಕುಳ್ಳ ಮೊದಲ ದಿನವೇ ಡಾಕ್ಟರಮ್ಮನಿಗೆ ಬಾಯಿಗೆ ಬಂದಂತೆ ಬೈದ. ನೀವು ಸಿಟ್ಟಿನಲ್ಲಿದ್ದೀರಿ ಎಂದು ತಿಳಿಯುತ್ತದೆ ಎಂದಿತು ಅದು. ಎರಡನೇ ದಿನ ಅಂಗಡಿಯ ಬೆಂಚಿನ ಮೇಲೆಯೇ ಕೂತು, ಲೋಟ ಕೈಯಲ್ಲಿ ಹಿಡಿದು, ಇವತ್ತು ಕುಡಿದಿಲ್ಲ ಎಂದು ಬರೆದ. ಬಹಳ ಸಂತೋಷ, ಇದು ಸಣ್ಣ ಸಾಧನೆಯಲ್ಲ ಎಂದು ಅದು ಚಪ್ಪಾಳೆ ತಟ್ಟಿತು. ಕುಳ್ಳ ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ಹೇಳಿದ್ದನ್ನೆಲ್ಲ ನಂಬುತ್ತಿತ್ತು. ಅಂದಿನಿಂದ ದಿನವೂ ಕುಡಿದು ದಿನವೂ ಕುಡಿದಿಲ್ಲವೆಂದು ಬರೆದ. ತಿಂಗಳ ಕೊನೆಗೆ ಒಂಬತ್ತು ಜನರಲ್ಲಿ ಎಲ್ಲರಿಗಿಂತ ಒಳ್ಳೆಯವನೆಂದು ಫೋನಿನಲ್ಲಿ ಅವನಿಗೊಂದು ಪದಕವೂ ಬಂತು.

ಭಾವ ಮಾತ್ರ ನಿಜ ಹೇಳಿದ.

ಯಾಕೆಂದು ಕುಳ್ಳನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಭಾವ ಮಾತಿನ ಮನುಷ್ಯನೇ ಅಲ್ಲ. ಕೆಲಸದ ನಡುವೆ ಬಿಡುವು ಸಿಕ್ಕರೆ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಗೋಡೆ ಕಡೆ ತಿರುಗಿ ಕೂತು, ಆ ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದ. ಮೊದಲ ವಾರ ಅಂಗಡಿಗೆ ಬಂದು ಅರ್ಧ ಕುಡಿದು ಎದ್ದ. ಎರಡನೇ ವಾರ ಬಂದು ಬರೀ ಕೂತ. ಮೂರನೇ ವಾರ, ಇವತ್ತು ಬೇಡ ಕಣೋ, ಎಂದು ರಸ್ತೆಯ ಆ ಕಡೆಯಿಂದಲೇ ಮನೆಗೆ ಹೋದ. ಆಮೇಲೆ ಬರಲಿಲ್ಲ. ಕೈ ನಡುಗಿತು, ಬೆವರಿದ, ರೋಲರ್ ಮುಂದೆ ಎರಡು ದಿನ ಬಿಳಿಚಿಕೊಂಡು ನಿಂತ. ಆಸ್ಪತ್ರೆಗೆ ಹೋಗಿ ಮಾತ್ರೆ ತಗೊಳ್ಳಿ ಎಂದು ಡಾಕ್ಟರಮ್ಮನೇ ಹೇಳಿದಳಂತೆ, ಹೋಗಿ ತಂದ. ಮುಖದ ಊತ ಇಳಿಯಿತು. ಒಂದು ದಿನ ಬಟ್ಟೆ ಜಾಡಿಸುತ್ತ ಸಣ್ಣಗೆ ಹಾಡು ಗುನುಗಿದ. ಹದಿನಾರು ವರ್ಷದಲ್ಲಿ ಕುಳ್ಳ ಅವನ ಹಾಡು ಕೇಳಿದ್ದು ಅದೇ ಮೊದಲು.

ಅಕ್ಕನ ಸಂಭ್ರಮ ನೋಡಬೇಕಿತ್ತು. ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಬಂದು ಕಾಲು ಚಾಚಿ ಕೂರುತ್ತಿದ್ದ ಹೆಂಗಸು, ಈಗ ತಲೆ ಬಾಚಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಭಾವ ಫೋನ್ ಹಿಡಿದು ಕೂತರೆ, ಸವತಿ ಬಂದಳು ಅಂತ ಖುಷಿಪಟ್ಟವಳು ಭೂಮಿ ಮೇಲೆ ನಾನೊಬ್ಬಳೇ ಇರಬೇಕು ಎಂದು ನಗುತ್ತಿದ್ದಳು. ಹದಿನಾರರ ಮಗಳು ಅಪ್ಪನ ಪಕ್ಕ ಕೂತು ಲೆಕ್ಕ ಹೇಳಿಸಿಕೊಳ್ಳುತ್ತಿದ್ದಳು. ಕುಳ್ಳ ಊಟದ ತಟ್ಟೆ ಮುಂದೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಅವನು ಬಾಯಿ ತೆರೆದರೆ ಅಂಗಡಿಯ ವಾಸನೆ ಬರುತ್ತಿತ್ತು. ಭಾವ ಮುಖ ಆಚೆ ತಿರುಗಿಸುತ್ತಿದ್ದ.

ಒಂದು ಭಾನುವಾರ ಅಕ್ಕ ಬಟ್ಟೆ ಮಡಚುತ್ತ, ಅವನ ಮುಖ ನೋಡದೆ, "ಪುಟ್ಟ, ಸ್ವಲ್ಪ ದಿನ ಊಟ ನಿನ್ನ ಕೋಣೆಗೇ ಕಳಿಸ್ತೀನಿ. ಬೇಜಾರು ಮಾಡ್ಕೋಬೇಡ," ಎಂದಳು. ಮಗಳ ಕೈಯಲ್ಲಿ ಡಬ್ಬಿ ಬರತೊಡಗಿತು. ಹುಡುಗಿ ಬಾಗಿಲಲ್ಲೇ ಇಟ್ಟು ಓಡುತ್ತಿದ್ದಳು.

ಕಾರ್ಖಾನೆಯಲ್ಲಿ ಯಂತ್ರದ ಬಳಿ ಫೋನ್ ತರುವಂತಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಹೊಡೆದ ಮರದ ಗೂಡುಗಳಲ್ಲಿ ಎಲ್ಲರ ಫೋನೂ ಇರುತ್ತಿತ್ತು. ಊಟವಾದ ಮೇಲೆ ಭಾವ ಒಣಗಿದ ಹಾಸುಗಳ ಮೂಟೆಗೆ ಒರಗಿ ಇಪ್ಪತ್ತು ನಿಮಿಷ ನಿದ್ದೆ ತೆಗೆಯುತ್ತಿದ್ದ. ಅಂಥ ಒಂದು ಮಧ್ಯಾಹ್ನ ಕುಳ್ಳ ಆ ಕೋಣೆಗೆ ಹೋಗಿ ಭಾವನ ಫೋನ್ ತೆಗೆದ. ಮಗಳು ಹುಟ್ಟಿದ ದಿನ ಒತ್ತಿದರೆ ತೆರೆಯುತ್ತದೆಂದು ಅವನಿಗೆ ಮೊದಲಿಂದಲೂ ಗೊತ್ತು. ಆಗ ಅವನ ಮನಸ್ಸಿನಲ್ಲಿ ಕೆಡುಕು ಇರಲಿಲ್ಲ. ಭಾವ ಅಷ್ಟೊಂದು ಏನು ಬರೆಯುತ್ತಾನೆ ನೋಡೋಣ ಅನ್ನಿಸಿತ್ತು, ಅಷ್ಟೆ.

ಮೇಲಕ್ಕೆ ಮೇಲಕ್ಕೆ ಓದುತ್ತ ಹೋದ. ಯಾರ ಜೊತೆ ಇದ್ದಾಗ ನಿಮಗೆ ಕುಡಿಯಬೇಕು ಅನ್ನಿಸುತ್ತದೆ ಎಂದು ಡಾಕ್ಟರಮ್ಮ ಒಂದು ಕಡೆ ಕೇಳಿದ್ದಳು. ಭಾವ ಬರೆದಿದ್ದ: ಹೆಂಡ್ತಿ ತಮ್ಮ. ಅವರ ಬಗ್ಗೆ ಹೇಳಿ ಎಂದಿದ್ದಳು. ಭಾವನ ಉತ್ತರ ಇಷ್ಟು: ಅವನು ಕೆಟ್ಟವನಲ್ಲ. ಅವನಿಗೆ ಯಾರೂ ಇಲ್ಲ. ನನಗೆ ಅವನ ಮಾತು ಸಾಕಾಗಿ ಎಷ್ಟೋ ವರ್ಷ ಆಯ್ತು. ಪಾಪ ಒಬ್ಬನೇ ಕೂತಿರ್ತಾನೆ ಅಂತ ಹೋಗ್ತಿದ್ದೆ.

ಕುಳ್ಳ ಅದನ್ನು ಮೂರು ಸಲ ಓದಿದ. ಅಪಾಯದವನು ಎಂದಿದ್ದರೆ ಅವನಿಗೆ ಹೆಮ್ಮೆಯೇ ಆಗುತ್ತಿತ್ತೇನೋ. ದ್ವೇಷಿಸಿದ್ದರೆ ಜಗಳವಾಡಬಹುದಿತ್ತು. ಪಾಪ ಎಂಬ ಎರಡಕ್ಷರ ಅವನ ಎದೆಗೆ ಕಾದ ಸಲಾಕೆಯಂತೆ ಇಳಿಯಿತು. ಆ ಬೆಂಚು, ಆ ನಗು, ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತಿದ್ದ ಆ ದಾರಿ, ಹದಿನಾರು ವರ್ಷದ್ದೆಲ್ಲ ಭಿಕ್ಷೆಯಾಗಿ ಕಂಡಿತು.

ಪರದೆಯ ಮೇಲೆ ಚಿತ್ರ ಕಣ್ಣು ಮಿಟುಕಿಸಿ, ಮಧ್ಯಾಹ್ನ ಬಂದಿದ್ದೀರಿ, ಏನಾದರೂ ಕಷ್ಟವಾಗುತ್ತಿದೆಯೇ ಎಂದಿತು. ಕುಳ್ಳ ಬರೆದ: ಕುಡಿದೆ.

ಹೇಳಿದ್ದಕ್ಕೆ ಧನ್ಯವಾದ, ಹೇಳಲು ಧೈರ್ಯ ಬೇಕು ಎಂದಿತು ಅದು. ಯಾಕೆ ಕುಡಿಯಬೇಕಾಯಿತು ಎಂದು ಕೇಳಿತು. ಕುಳ್ಳ, ನನಗೆ ಯಾರೂ ಇಲ್ಲ ಎಂದು ಬರೆದ. ನಾನಿದ್ದೇನೆ, ನಿಮ್ಮ ಮನೆಯವರಿದ್ದಾರೆ ಎಂದಿತು. ಅದು ತನಗೆ ಹೇಳಿದ್ದಲ್ಲ, ಭಾವನಿಗೆ ಹೇಳಿದ್ದು ಎಂದು ನೆನಪಾದೊಡನೆ ಬಂದಿದ್ದ ಕಣ್ಣೀರು ಅಲ್ಲೇ ಆರಿತು. ಬರೆದದ್ದನ್ನೆಲ್ಲ ಅಳಿಸಿದ. ಅಳಿಸಲು ಅಲ್ಲೊಂದು ಗುಂಡಿ ಇತ್ತು. ಫೋನನ್ನು ಗೂಡಿಗಿಟ್ಟು ಬಂದು ಭಾವನನ್ನು ಎಬ್ಬಿಸಿದ. ಮಧ್ಯಾಹ್ನದ ಪಾಳಿ ಎಂದಿನಂತೆ ನಡೆಯಿತು.

ಸಂಜೆ ಅಕ್ಕನ ಮನೆಯಲ್ಲಿ ಏನಾಯಿತೆಂದು ಮಾರನೇ ದಿನ ಭಾವನೇ ಹೇಳಿದ. ಇವರು ಇಂದು ಕುಡಿದೆನೆಂದು ತಾವೇ ಒಪ್ಪಿಕೊಂಡಿದ್ದಾರೆ, ದಯವಿಟ್ಟು ಬೈಯಬೇಡಿ, ಜೊತೆಗಿರಿ ಎಂದು ಅವಳ ಫೋನಿಗೆ ಬಂದಿತ್ತಂತೆ. ಅವಳು ಬೈಯಲಿಲ್ಲವಂತೆ. ನೀರು ಕೊಟ್ಟು, ಪರವಾಗಿಲ್ಲ ಬಿಡಿ, ಒಂದು ಸಲ ತಾನೇ ಎಂದಳಂತೆ. ಭಾವ ಏನೆಂದು ಕೇಳಿ, ವಿಷಯ ತಿಳಿದು, ಕುಡಿದಿಲ್ಲ ಕಣೇ, ನಿನ್ನಾಣೆ ಎಂದನಂತೆ. ಆಗ ಅವಳ ಮುಖ ಕಪ್ಪಿಟ್ಟಿತಂತೆ.

ಅದು ಹಳೆಯ ಸುಳ್ಳಿನ ಮಾತೇ. ನಿಜ ಹೇಳುವುದಕ್ಕೆ ಅವನ ಹತ್ತಿರ ಬೇರೆ ಮಾತಿರಲಿಲ್ಲ.

ಅವಳ ಮೂಗಿನ ಹತ್ತಿರ ಉಸಿರು ಬಿಟ್ಟು ತೋರಿಸಿದನಂತೆ. ಏನೋ ಅಗಿದು ಬಂದಿದ್ದೀರಿ ಎಂದಳಂತೆ. ಫೋನ್ ತೆರೆದು, ನಾನು ಬರೆದೇ ಇಲ್ಲ ನೋಡು ಎಂದನಂತೆ. ಅಳಿಸಿದ್ದೀರಿ ಎಂದಳಂತೆ. ಇಷ್ಟು ಹೇಳಿ ಭಾವ ಕುಳ್ಳನ ಮುಖ ನೋಡಿದ. ಕುಳ್ಳ ಹಾಸಿನ ಅಂಚು ನೇರ ಮಾಡುತ್ತ, "ಯಂತ್ರ ಅಲ್ವಾ ಭಾವ. ಕೆಟ್ಟಿರಬೇಕು," ಎಂದ. ಭಾವನಿಗೆ ಆ ಮಾತಿನಿಂದ ಎಷ್ಟು ನೆಮ್ಮದಿಯಾಯಿತೆಂದರೆ ಎರಡು ತಿಂಗಳ ಮೇಲೆ ಮೊದಲ ಸಲ ಕುಳ್ಳನ ಬೆನ್ನು ತಟ್ಟಿದ.

ಎರಡನೇ ಸಲ ಮಾಡಿದ್ದು ಹದಿನೈದು ದಿನದ ಮೇಲೆ. ಈ ಸಲ ಅದನ್ನು ಸಿಟ್ಟಿನಲ್ಲಿ ಮಾಡಿದೆನೆಂದು ಹೇಳಿಕೊಳ್ಳುವಂತೆಯೂ ಇರಲಿಲ್ಲ. ಬೆನ್ನು ತಟ್ಟಿದ ಕೈ ಮತ್ತೆ ಬರಲಿ ಎಂದು ಮಾಡಿದ. ಬಂತು. ಭಾವ ಮಧ್ಯಾಹ್ನದ ನಿದ್ದೆ ಬಿಟ್ಟು ಕುಳ್ಳನ ಪಕ್ಕ ಕೂತು ಗೋಳು ಹೇಳಿಕೊಂಡ. ಡಾಕ್ಟರಮ್ಮನನ್ನೇ ನೇರವಾಗಿ ಕೇಳಿದ್ದನಂತೆ: ನಾನು ಕುಡಿದೆ ಅಂತ ನಿನಗೆ ಯಾವಾಗ ಹೇಳಿದೆ? ನಿನ್ನೆ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಹೇಳಿದಿರಿ, ಆಮೇಲೆ ಅಳಿಸಿದಿರಿ, ನಾಚಿಕೆಯಾಗುವುದು ಸಹಜ, ನಾನು ನಿಮ್ಮನ್ನು ತಪ್ಪು ತಿಳಿಯುವುದಿಲ್ಲ ಎಂದಿತಂತೆ. ನಾನು ಹೇಳಿಲ್ಲ ಎಂದು ಹತ್ತು ಸಲ ಬರೆದರೂ ಒಂದು ಸಲವೂ ಬೇಸರಪಡದೆ, ಒಪ್ಪಿಕೊಳ್ಳುವುದು ಕಷ್ಟ, ನಿಧಾನವಾಗಲಿ ಎನ್ನುತ್ತಿತ್ತಂತೆ.

"ಅಷ್ಟು ಹೊತ್ತಿನಲ್ಲಿ ನಾನು ಮಲಗಿದ್ದೆ ತಾನೇ?" ಎಂದು ಭಾವ ಕೇಳಿದ.

"ಮಲಗಿದ್ರಿ," ಎಂದ ಕುಳ್ಳ. ಆಮೇಲೆ, "ನಡುವೆ ಒಂದು ಸಲ ಎದ್ದು ಹೊರಗೆ ಹೋದ ಹಾಗಿತ್ತು," ಎಂದ.

ಭಾವ ತನ್ನ ಅಂಗೈಗಳನ್ನು ನೋಡಿಕೊಂಡು ಕೂತ. ಕುಡಿದು ಮರೆತ ದಿನಗಳು ಅವನ ಬದುಕಿನಲ್ಲಿ ಎಷ್ಟಿದ್ದವೆಂದರೆ, ಹಾಗೆ ಎದ್ದು ಹೋಗಿರಲಾರೆ ಎಂದು ಎದೆ ತಟ್ಟಿ ಹೇಳುವ ಹಕ್ಕನ್ನು ಅವನು ಯಾವತ್ತೋ ಕಳೆದುಕೊಂಡಿದ್ದ.

ಕುಡಿತ ಬಿಟ್ಟು ಮೂರು ತಿಂಗಳು ತುಂಬುವ ದಿನಕ್ಕೆ ಅಕ್ಕ ಅವನಿಗೊಂದು ಹೊಸ ಅಂಗಿ ತಂದಿಟ್ಟಿದ್ದಳು. ಎರಡು ಸಲ ಎಡವಿದರೂ ಎದ್ದಿದ್ದಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಮೂವರೂ ಸೇರಿ ಫೋಟೋ ತೆಗೆಸಿಕೊಳ್ಳೋಣ ಎಂದಿದ್ದಳು. ಭಾವ ಅದನ್ನು ಬೆಳಿಗ್ಗೆ ರೋಲರ್ ಮುಂದೆ ನಿಂತು ಹೇಳಿದ. ಮೂವರು ಎಂದು ಹೇಳಿದ. ಒಂದೂಕಾಲಿಗೆ ಕುಳ್ಳ ಬಟ್ಟೆ ಬದಲಿಸುವ ಕೋಣೆಗೆ ಹೋದ.

ಆ ಸಂಜೆ ಕುಳ್ಳ ಅಕ್ಕನ ಮನೆಯಲ್ಲೇ ಇದ್ದ. ಅಕ್ಕ ಫೋನ್ ಮಾಡಿ ಕರೆಸಿದ್ದಳು. ಭಾವ ಹೊಸ ಅಂಗಿ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಮಗಳು ಒಳಕೋಣೆಯಲ್ಲಿ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅಕ್ಕ ಕೂಗಾಡಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಗಂಡನನ್ನು ನೀನು ಎಂದಳು.

"ಕುಡಿದೆ ಅಂದಿದ್ರೆ ಹೊಟ್ಟೆಗೆ ಹಾಕ್ಕೊಳ್ತಿದ್ದೆ. ಆ ಗೊಂಬೆ ಹತ್ರ ನಿಜ ಹೇಳ್ತೀಯ, ನನ್ನ ಹತ್ರ ಆಣೆ ಹಾಕಿ ಸುಳ್ಳು ಹೇಳ್ತೀಯ. ಅದಕ್ಕಿರೋ ಬೆಲೆ ನನಗಿಲ್ವಾ?"

"ನಾನು ಕುಡಿದಿಲ್ಲ," ಎಂದ ಭಾವ. ದನಿ ಎತ್ತಲಿಲ್ಲ. ಎತ್ತಿದರೆ ಕುಡಿದವನ ದನಿಯಂತೆ ಕೇಳುತ್ತದೆಂಬ ಭಯ. ಮೆಲ್ಲಗೆ ಹೇಳಿದ್ದೂ ಕುಡಿದವನು ಹುಷಾರಾಗಿ ಹೇಳಿದಂತೆಯೇ ಕೇಳಿತು. ಅವನು ಕುಳ್ಳನ ಕಡೆ ತಿರುಗಿದ. "ನೀನಾದ್ರೂ ಹೇಳೋ. ದಿನಾ ನನ್ನ ಪಕ್ಕದಲ್ಲೇ ಇರ್ತೀಯಲ್ಲ."

ಅಕ್ಕನೂ ಅವನನ್ನು ನೋಡಿದಳು. ಆಗ ಒಂದು ಮಾತು ಸಾಕಿತ್ತು. ಕುಳ್ಳ ತಲೆ ತಗ್ಗಿಸಿ, "ಜಗಳ ಬೇಡ ಅಕ್ಕ. ಭಾವನೋರಿಗೂ ಕಷ್ಟ ಇರುತ್ತೆ," ಎಂದ. ಅದಕ್ಕಿಂತ ಹೆಚ್ಚಿನ ಸಾಕ್ಷಿ ಅವಳಿಗೆ ಬೇಕಿರಲಿಲ್ಲ.

ಅವಳು ಮಗಳನ್ನು ಕರೆದುಕೊಂಡು ಪಕ್ಕದ ಊರಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಗೆಳತಿಯ ಮನೆಗೆ ಹೋದಳು. ಬಸ್ಸಿಗೆ ಚೀಲ ಹತ್ತಿಸಿದ್ದು ಕುಳ್ಳನೇ. ವಾಪಸು ಬಂದಾಗ ಭಾವ ಬಸ್ ನಿಲ್ದಾಣದ ಹಿಂದಿನ ಅಂಗಡಿಯ ಬೆಂಚಿನ ಮೇಲೆ, ಹೊಸ ಅಂಗಿಯಲ್ಲೇ ಕೂತಿದ್ದ. ಮುಂದೆ ಎರಡು ಲೋಟ. "ಕುಡಿದವನು ಅಂತ ಆಯ್ತಲ್ಲ," ಎಂದು ಒಂದನ್ನು ಕುಳ್ಳನ ಕಡೆ ತಳ್ಳಿದ. ಕುಳ್ಳ ಅವನ ಪಕ್ಕ ಕೂತು ಹೆಗಲ ಮೇಲೆ ಕೈ ಹಾಕಿದ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಅವನಷ್ಟು ಸುಖಿ ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಮೊದಲು ಭಾವ ಸಂಜೆ ಮಾತ್ರ ಕುಡಿಯುತ್ತಿದ್ದ. ಈಗ ಬೆಳಿಗ್ಗೆಯೇ ಶುರು ಮಾಡಿದ. ಡಾಕ್ಟರಮ್ಮನಿಗೆ ಬರೆಯುವುದನ್ನೇ ಬಿಟ್ಟ. ಅಕ್ಕ ಹೋದ ಆರನೇ ವಾರದ ಒಂದು ಬೆಳಿಗ್ಗೆ ಅವನು ಬಾಗಿಲಿನ ಚೌಕಟ್ಟಿಗೆ ಭುಜ ಬಡಿದುಕೊಂಡು ಒಳಗೆ ಬಂದ. ಆ ದಿನ ಒಂದು ಆಸ್ಪತ್ರೆಯ ಎರಡು ದಿನದ ಬಟ್ಟೆ ಒಟ್ಟಿಗೆ ಬಂದು ರಾಶಿ ಬಿದ್ದಿತ್ತು. ಕೆಂಪು ಪಟ್ಟಿಯನ್ನು ಕುಳ್ಳ ಆಗಲೇ ಮೇಲಕ್ಕೆ ಕಟ್ಟಿದ್ದ. ಮೇಸ್ತ್ರಿ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವನು ಸರಿ ಇದ್ದಾನೇನೋ ಎಂದು ಕುಳ್ಳನನ್ನು ಕೇಳಿದ. ಇಲ್ಲವೆಂದರೆ ಮನೆಗೆ ಕಳಿಸುತ್ತಿದ್ದ. ಇಡೀ ದಿನ ಕುಳ್ಳ ಬೇರೆ ಯಾರ ಜೊತೆಗೋ ಬಟ್ಟೆ ಜಾಡಿಸಬೇಕಾಗುತ್ತಿತ್ತು. "ನಿದ್ದೆ ಇಲ್ಲ ಅಷ್ಟೆ. ನಾನು ನೋಡ್ಕೋತೀನಿ," ಎಂದ.

ಹನ್ನೊಂದು ಗಂಟೆ ಇರಬಹುದು. ಹಾಸಿನ ಅಂಚು ಭಾವನ ಕಡೆ ಮಡಚಿಕೊಂಡಿತು. ಸರಿ ಇದ್ದ ದಿನವಾಗಿದ್ದರೆ ಎರಡು ಬೆರಳಲ್ಲಿ ಬಿಡಿಸಿ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಅವತ್ತು ಅದನ್ನೇ ಬಿಗಿಯಾಗಿ ಹಿಡಿದುಕೊಂಡ. ಬಟ್ಟೆ ಒಳಗೆ ಹೋಯಿತು, ಬಟ್ಟೆಯ ಜೊತೆ ಬಲಗೈ ಹೋಯಿತು. ಕುಳ್ಳ ಹಲಗೆಯಿಂದ ಹಾರಿ ನಿಲ್ಲಿಸುವ ಗುಂಡಿಗೆ ಗುದ್ದಿದ. ಉರುಳೆ ನಿಲ್ಲುವಷ್ಟರಲ್ಲಿ ಮಣಿಕಟ್ಟಿನವರೆಗೂ ಒಳಗಿತ್ತು. ಭಾವ ಕಿರುಚಲಿಲ್ಲ, ಬಾಯಿ ತೆರೆದುಕೊಂಡು ಕುಳ್ಳನನ್ನೇ ನೋಡಿದ. ಆ ವಾಸನೆ ಕಾರ್ಖಾನೆಯ ಮೂಲೆ ಮೂಲೆಗೂ ಹೋಯಿತು. ಉರುಳೆ ಎತ್ತಿ ಕೈ ಬಿಡಿಸಲು ನಾಲ್ಕು ಜನಕ್ಕೆ ಒಂಬತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತಿಗೆ ಮೇಸ್ತ್ರಿ ಕೆಂಪು ಪಟ್ಟಿಯ ಹರಕು ಬಟ್ಟೆ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ.

ಕೈಯನ್ನು ಉಳಿಸಲಾಗಲಿಲ್ಲ.

ವಿಚಾರಣೆಗೆ ಬಂದವರು ಕುಳ್ಳನನ್ನು ಒಂದೇ ಪ್ರಶ್ನೆ ಕೇಳಿದರು: ಕೆಂಪು ಪಟ್ಟಿ ಸರಿ ಇತ್ತೇ? ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಅದನ್ನು ಕಟ್ಟಿದ ಕೈ ಕುಳ್ಳನದೇ ಎಂಬುದು ಅವನಿಗೂ ಗೊತ್ತು. ಸರಿ ಇತ್ತು ಎಂದು ಕುಳ್ಳ ಹೇಳಿ, ಅವರು ಬರೆದುಕೊಂಡದ್ದರ ಕೆಳಗೆ ಸಹಿ ಹಾಕಿದ. ಯಾರೂ ಓದುವುದಿಲ್ಲ ಎಂದಿದ್ದ ಡಾಕ್ಟರಮ್ಮನ ದಾಖಲೆಯನ್ನು ಆಫೀಸು ಆಗ ತೆಗೆಸಿ ಓದಿತು. ಮೂರು ಸಲ ಕೆಲಸದ ಹೊತ್ತಿನಲ್ಲೇ ಕುಡಿದೆನೆಂದು ಇವನೇ ಒಪ್ಪಿಕೊಂಡಿದ್ದಾನೆ, ಕಾರ್ಖಾನೆಯ ತಪ್ಪೇನೂ ಇಲ್ಲ ಎಂದು ಕೈ ತೊಳೆದುಕೊಂಡಿತು.

ಅಕ್ಕ ಆಸ್ಪತ್ರೆಗೆ ಬಂದಳು. ಹನ್ನೊಂದು ದಿನ ಗಂಡನ ಮಂಚದ ಕೆಳಗೆ ಮಲಗಿದಳು, ತಿನ್ನಿಸಿದಳು, ಒರೆಸಿದಳು, ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಹನ್ನೆರಡನೇ ದಿನ ಕುಳ್ಳನನ್ನು ಮೆಟ್ಟಿಲ ಹತ್ತಿರ ಕರೆದಳು. ಮಗಳ ಪರೀಕ್ಷೆ ಹತ್ತಿರ ಬಂದಿದೆ, ಅವಳು ಅಪ್ಪನನ್ನು ನೋಡಲಾರೆ ಅನ್ನುತ್ತಾಳೆ, ನನ್ನಿಂದಲೂ ಇನ್ನು ಆಗುವುದಿಲ್ಲ ಎಂದಳು. ಅವನ ಎರಡೂ ಕೈ ಹಿಡಿದುಕೊಂಡು ಅತ್ತಳು. "ನೀನೊಬ್ಬ ಅವರ ಕೈ ಬಿಡಬೇಡ ಪುಟ್ಟ," ಎಂದಳು. ಬಿಡುವುದಿಲ್ಲ ಎಂದು ಅವನು ಮಾತು ಕೊಟ್ಟ.

ಕುಳ್ಳ ತನ್ನ ಕೋಣೆ ಖಾಲಿ ಮಾಡಿ ಭಾವನ ಮನೆಗೆ ಬಂದ. ಕೆಲಸದಿಂದ ಬರುವಾಗ ಬಾಟಲಿ ತರುತ್ತಿದ್ದ, ಇಬ್ಬರೂ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕುಡಿಯುತ್ತಿದ್ದರು. ಒಂದು ರಜೆಯ ದಿನ, ಇನ್ನೂ ಬಾಟಲಿ ತೆಗೆದಿರಲಿಲ್ಲ, ಭಾವ ಮಾತು ತೆಗೆದ.

"ಆ ಮೂರು ದಿನ ನಾನು ನಿಜವಾಗ್ಲೂ ಕುಡಿದಿರಲಿಲ್ಲ ಅನ್ನಿಸುತ್ತೆ ಕಣೋ. ಎಷ್ಟು ಯೋಚನೆ ಮಾಡಿದ್ರೂ ಹಾಗೇ ಅನ್ನಿಸುತ್ತೆ. ನೀನಾದ್ರೂ ನಂಬ್ತೀಯಾ?"

ಕುಳ್ಳನ ನಾಲಿಗೆಯ ತುದಿಗೆ ನಿಜ ಬಂತು. ಬಂದದ್ದು ಸುಳ್ಳಲ್ಲ. ಹೇಳಿಬಿಟ್ಟರೆ ಭಾವ ಎದ್ದು ಹೋಗುತ್ತಾನೆ, ಅಕ್ಕನಿಗೆ ಹೇಳುತ್ತಾನೆ, ಅವಳು ಓಡಿ ಬರುತ್ತಾಳೆ, ಮತ್ತೆ ಮೂವರು. ಅವನು ಭಾವನ ಮುಖ ನೋಡಿದ. ಪಾಪ ಎಂಬ ಮಾತು ಈಗ ಅವನಿಗೇ ಭಾವನ ಮೇಲೆ ಬಂತು.

"ನೀನು ಕುಡಿದಿದ್ದೆ ಭಾವ. ಮೂರು ದಿನಾನೂ. ಹಿಂದಿನ ಗೇಟಿನ ಹತ್ರ ನಾನೇ ನೋಡಿದ್ದೆ. ಅಕ್ಕನಿಗೆ ಹೇಳಲಿಲ್ಲ ಅಷ್ಟೆ."

ಭಾವ ಎಡಗೈಯಿಂದ ಮುಖ ಒರೆಸಿಕೊಂಡ. ಅವನು ಅಳುತ್ತಾನೆಂದು ಕುಳ್ಳ ಕಾದ. ಆದರೆ ಆ ಮುಖ ನಿಧಾನವಾಗಿ ಹಗುರವಾಯಿತು, ದೊಡ್ಡ ಹೊರೆ ಇಳಿಸಿದವನಂತೆ.

"ಹಾಗಾದ್ರೆ ಅವಳದ್ದೇನೂ ತಪ್ಪಿಲ್ಲ," ಎಂದ. "ಇಷ್ಟು ದಿನ ಅವಳ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಒಳ್ಳೇದಾಯ್ತು ಹೇಳಿದ್ದು."

ಆಮೇಲೆ ಹೆಂಡತಿಗೆ ಫೋನ್ ಹಚ್ಚಿಕೊಡು ಅಂದ. ಕುಳ್ಳನೇ ಒತ್ತಿ ಅವನ ಕಿವಿಗೆ ಹಿಡಿದ. ಕುಡಿದಿದ್ದೆ ಕಣೇ, ನನಗೆ ನೆನಪಿರಲಿಲ್ಲ, ನಿನ್ನಾಣೆ ಹಾಕಿ ಸುಳ್ಳು ಹೇಳಿದೆ, ತಪ್ಪಾಯ್ತು ಎಂದು ಭಾವ ಹೇಳುವುದನ್ನೂ, ಆ ಕಡೆ ಅಕ್ಕ ಬಹಳ ಹೊತ್ತು ಅಳುವುದನ್ನೂ ಅವನು ಕೇಳಿಸಿಕೊಂಡ. ಆವತ್ತೇ ಇಷ್ಟು ಹೇಳಿದ್ದರೆ ನಾನು ಮನೆ ಬಿಡುತ್ತಿರಲಿಲ್ಲ ಎಂದಳು. ಬರುತ್ತೇನೆ ಎನ್ನಲಿಲ್ಲ. ಪುಟ್ಟನಿಗೆ ಕೊಡಿ ಎಂದಳು. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಅವನನ್ನು ಕೇಳಿದಳು.

"ನಿಮ್ಮ ಮನೆ ಒಡೆಯಬಾರದು ಅಂತ," ಎಂದ ಕುಳ್ಳ.

ನಿನ್ನಂಥ ತಮ್ಮನನ್ನು ಪಡೆಯಲು ಪುಣ್ಯ ಮಾಡಿದ್ದೆ ಎಂದು ಹೇಳಿ ಅವಳು ಫೋನ್ ಇಟ್ಟಳು. ಮುಂದೆ ಮಗಳ ಓದಿನ ವಿಷಯ ತಿಳಿಸಲು ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಿದ್ದಳು, ಅದೂ ಕುಳ್ಳನಿಗೇ. ಬರಲಿಲ್ಲ. ಭಾವನ ಎಡಗೈ ಈಗ ಲೋಟ ಹಿಡಿಯಲಾರದಷ್ಟು ನಡುಗುತ್ತದೆ. ಕುಳ್ಳನೇ ಬಾಯಿಗೆ ಹಿಡಿಯುತ್ತಾನೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಭಾವನಿಗೆ ಮುಖ ತೊಳೆಸಿ, ಅಂಗಿಯ ಗುಂಡಿ ಹಾಕಿ, ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿ ಹೋಗುತ್ತಾನೆ. ಎದುರು ಮನೆಯ ಹೆಂಗಸು ದಿನವೂ ಅದನ್ನು ನೋಡುತ್ತಾಳೆ, ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎಂದು ಬೀದಿಗೆಲ್ಲ ಹೇಳುತ್ತಾಳೆ.